'ತಾಂತ್ರಿಕ ದೋಷ' ಎಂಬ ಉತ್ತರದ ಹಿಂದೆ ಅಡಗಿರುವ 30 ಡಿಗ್ರಿ

ಬೇಸಿಗೆ ಬಂತೆಂದರೆ ಒಂದು ಪ್ರಕಟಣೆ ನಮಗೆಲ್ಲ ಬಾಯಿಪಾಠ ಆಗಿಬಿಡುತ್ತದೆ. ಉಪಕೇಂದ್ರದಲ್ಲಿ ತಾಂತ್ರಿಕ ದೋಷ, ಈ ಕೆಳಗಿನ ಬಡಾವಣೆಗಳಲ್ಲಿ ವಿದ್ಯುತ್ ವ್ಯತ್ಯಯ, ಗ್ರಾಹಕರು ಸಹಕರಿಸಬೇಕು. ದೋಷ ಯಾವುದು, ಎಲ್ಲಿ ಆಯ್ತು, ಮತ್ತೆ ಆಗದ ಹಾಗೆ ಏನು ಮಾಡಿದ್ದಾರೆ ಅಂತ ನಾವು ಕೇಳೋದಿಲ್ಲ, ಅವರು ಹೇಳೋದಿಲ್ಲ. 'ತಾಂತ್ರಿಕ' ಅಂದ ಕೂಡಲೇ ಅದು ನಮಗೆ ಅರ್ಥವಾಗದ ವಿಷಯ ಅಂತ ಎರಡೂ ಕಡೆಯವರು ಒಪ್ಪಿಕೊಂಡುಬಿಟ್ಟಿದ್ದೇವೆ.

ರಿಲೇ ಪರೀಕ್ಷೆಯ ಕೆಲಸದಲ್ಲಿ ಬಹಳ ವರ್ಷ ಕಳೆದವನಾಗಿ ಹೇಳುತ್ತೇನೆ: ಇಂಥ ದೋಷಗಳಲ್ಲಿ ಹಲವು ಯಾರಿಗೆ ಬೇಕಾದರೂ ಅರ್ಥವಾಗುವಷ್ಟು ಸರಳ. ಅವುಗಳಲ್ಲೊಂದನ್ನು ಇಲ್ಲಿ ಬಿಡಿಸಿ ಇಡುತ್ತೇನೆ. ಟ್ರಾನ್ಸ್‌ಫಾರ್ಮರ್ ಒಳಗೆ ಏನೂ ಆಗಿರುವುದಿಲ್ಲ, ಲೈನೂ ಸರಿಯಾಗಿರುತ್ತದೆ, ಆದರೂ ಇಡೀ ಕೇಂದ್ರ ಕತ್ತಲಾಗುತ್ತದೆ. ಕಾರಣ, ರಿಲೇಯೊಳಗೆ ಕೂತಿರುವ ಒಂದು ತಪ್ಪು ಅಂಕಿ.

ಒಳಗೆ ಹೋದದ್ದು, ಹೊರಗೆ ಬಂದದ್ದು

ದೊಡ್ಡ ಟ್ರಾನ್ಸ್‌ಫಾರ್ಮರ್‌ಗೆ ಡಿಫರೆನ್ಷಿಯಲ್ ರಿಲೇ ಅನ್ನೋ ಒಂದು ಕಾವಲುಗಾರ ಇರುತ್ತಾನೆ. ನಮ್ಮ ದೇಶದ ಸುರಕ್ಷತಾ ನಿಯಮದಂತೆ 10 ಎಂವಿಎ ಮತ್ತು ಅದಕ್ಕೆ ಮೇಲ್ಪಟ್ಟ ಟ್ರಾನ್ಸ್‌ಫಾರ್ಮರ್‌ಗಳಿಗೆ ಇದು ಕಡ್ಡಾಯ. ಇದರ ತತ್ವ ಅಂಗಡಿ ಲೆಕ್ಕದ ಹಾಗೆ: ಒಂದು ಬದಿಯಿಂದ ಒಳಗೆ ಹೋದ ಕರೆಂಟು, ಇನ್ನೊಂದು ಬದಿಯಿಂದ ಹೊರಗೆ ಬಂದ ಕರೆಂಟು, ಎರಡೂ ತಾಳೆಯಾಗಬೇಕು. ಆಗದಿದ್ದರೆ ಮಧ್ಯದಲ್ಲಿ ಎಲ್ಲೋ ಸೋರಿಕೆ ಇದೆ, ಅಂದ್ರೆ ಸುರುಳಿಯ ಇನ್ಸುಲೇಷನ್ ಒಡೆದಿದೆ ಅಂತ ಅರ್ಥ. ಕ್ಷಣವೂ ಕಾಯದೆ ಎರಡೂ ಬದಿಯ ಬ್ರೇಕರ್ ತೆಗೆಯಬೇಕು. ತಡವಾದರೆ ಎಣ್ಣೆಗೆ ಬೆಂಕಿ.

ಈ ಯೋಚನೆ ಹೊಸದೇನಲ್ಲ. ಇಂಗ್ಲೆಂಡಿನ ಚಾರ್ಲ್ಸ್ ಮರ್ಝ್ ಮತ್ತು ಬರ್ನಾರ್ಡ್ ಪ್ರೈಸ್ 1904ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿದ ಎರಡೇ ವರ್ಷಕ್ಕೆ.

ತಾಳೆ ನೋಡೋದು ಹೇಳುವಷ್ಟು ಸುಲಭ ಅಲ್ಲ. 12.5 ಎಂವಿಎ ಸಾಮರ್ಥ್ಯದ 66/11 ಕೆ.ವಿ. ಟ್ರಾನ್ಸ್‌ಫಾರ್ಮರ್ ತಗೊಳ್ಳಿ. ಪೂರ್ತಿ ಲೋಡಿನಲ್ಲಿ 66 ಕೆ.ವಿ. ಬದಿಗೆ ಸುಮಾರು 109 ಆಂಪಿಯರ್, 11 ಕೆ.ವಿ. ಬದಿಗೆ 656 ಆಂಪಿಯರ್ ಹರಿಯುತ್ತದೆ. ಪ್ರಮಾಣದ ಈ ವ್ಯತ್ಯಾಸವನ್ನು ಸರಿದೂಗಿಸೋದು ಭಾಗಾಕಾರದ ಲೆಕ್ಕ, ಅದರಲ್ಲಿ ಎಡವಟ್ಟಾಗುವುದು ಕಡಿಮೆ. ಕಷ್ಟ ಇರುವುದು ಎರಡನೇ ವ್ಯತ್ಯಾಸದಲ್ಲಿ. ಕರೆಂಟು ಏರಿಳಿಯುವ ಅಲೆ. ಎರಡೂ ಬದಿಯ ಅಲೆಗಳು ಒಂದೇ ಹೊತ್ತಿಗೆ ಏರಿ ಒಂದೇ ಹೊತ್ತಿಗೆ ಇಳಿಯಬೇಕೆಂದಿಲ್ಲ.

ಗಡಿಯಾರದ ಮುಳ್ಳು

ಮೂರು ಫೇಸಿನ ಸುರುಳಿಗಳನ್ನು ಎರಡು ರೀತಿ ಜೋಡಿಸುತ್ತಾರೆ. ಸ್ಟಾರ್‌ನಲ್ಲಿ ಪ್ರತಿ ಸುರುಳಿ ಒಂದು ಫೇಸ್ ಮತ್ತು ನ್ಯೂಟ್ರಲ್ ನಡುವೆ ಇರುತ್ತದೆ. ಡೆಲ್ಟಾದಲ್ಲಿ ಎರಡು ಫೇಸ್‌ಗಳ ನಡುವೆ. ಎರಡು ಫೇಸ್‌ಗಳ ನಡುವಿನ ವೋಲ್ಟೇಜ್, ಫೇಸ್ ಮತ್ತು ನ್ಯೂಟ್ರಲ್ ನಡುವಿನ ವೋಲ್ಟೇಜಿಗಿಂತ 30 ಡಿಗ್ರಿ ಅತ್ತ ಅಥವಾ ಇತ್ತ ಇರುತ್ತದೆ. ಹಾಗಾಗಿ ಒಂದು ಬದಿ ಸ್ಟಾರ್, ಇನ್ನೊಂದು ಬದಿ ಡೆಲ್ಟಾ ಇರುವ ಟ್ರಾನ್ಸ್‌ಫಾರ್ಮರ್‌ನಲ್ಲಿ ಎರಡು ಬದಿಯ ಅಲೆಗಳು 30 ಡಿಗ್ರಿ ಆಚೀಚೆ ಆಗುತ್ತವೆ. ಎರಡೂ ಬದಿ ಸ್ಟಾರ್ ಇರುವ ಮಾಮೂಲಿ ಜೋಡಣೆಯಲ್ಲಿ ಈ ತೊಂದರೆ ಇಲ್ಲ.

ಇದನ್ನು ಹೇಳಲಿಕ್ಕೆ ಎಂಜಿನಿಯರ್‌ಗಳು ಗಡಿಯಾರ ಬಳಸುತ್ತಾರೆ. ಹೆಚ್ಚು ವೋಲ್ಟೇಜಿನ ಬದಿ ಯಾವಾಗಲೂ 12ರಲ್ಲಿ. ಕಡಿಮೆ ವೋಲ್ಟೇಜಿನ ಬದಿ ಎಷ್ಟು ಗಂಟೆಯಲ್ಲಿದೆ ಅನ್ನುವುದನ್ನು ನೇಮ್‌ಪ್ಲೇಟ್ ಹೇಳುತ್ತದೆ. ಒಂದು ಗಂಟೆಗೆ 30 ಡಿಗ್ರಿ. 'ಡಿವೈಎನ್11' ಅಂತ ಬರೆದಿದ್ದರೆ ಮೇಲಿನ ಬದಿ ಡೆಲ್ಟಾ, ಕೆಳಗಿನದು ಸ್ಟಾರ್, ನ್ಯೂಟ್ರಲ್ ಹೊರಗೆ ತಂದಿದ್ದಾರೆ, ಮುಳ್ಳು 11ರಲ್ಲಿದೆ, ಅಂದ್ರೆ 30 ಡಿಗ್ರಿ ಮುಂದೆ. '1' ಅಂತಿದ್ದರೆ 30 ಡಿಗ್ರಿ ಹಿಂದೆ. ನಿಮ್ಮ ಬೀದಿಯ ಟಿಸಿ ಕೂಡ ಬಹುತೇಕ ಡಿವೈಎನ್11 ಜಾತಿಯದ್ದೇ. ಅದಕ್ಕೆ ಈ ರಿಲೇ ಇಲ್ಲ, ಫ್ಯೂಸ್ ಇರುತ್ತದೆ ಅಷ್ಟೇ, ಆದ್ದರಿಂದ ಅಲ್ಲಿ ಕೋನದ ತಲೆನೋವಿಲ್ಲ.

ರಿಲೇ ಈ ಮುಳ್ಳನ್ನು ಮತ್ತೆ 12ಕ್ಕೆ ತಿರುಗಿಸಿಕೊಂಡು ಆಮೇಲೆ ತಾಳೆ ನೋಡಬೇಕು. ತಿರುಗಿಸದಿದ್ದರೆ ಏನಾಗುತ್ತದೆ? ಸಮ ಪ್ರಮಾಣದ ಎರಡು ಅಲೆಗಳ ನಡುವೆ 30 ಡಿಗ್ರಿ ವ್ಯತ್ಯಾಸ ಇದ್ದರೆ, ಕಳೆದಾಗ ಉಳಿಯುವುದು ಲೋಡಿನ ಸುಮಾರು 52%. ಇಲ್ಲದ ಸೋರಿಕೆ ಅಷ್ಟು ಕಾಣಿಸುತ್ತದೆ. ಇನ್ನು 11ಕ್ಕೆ ಬದಲು 1 ಅಂತ ಉಲ್ಟಾ ತಿರುಗಿಸಿದರೆ ವ್ಯತ್ಯಾಸ 60 ಡಿಗ್ರಿ ಆಗುತ್ತದೆ, ಉಳಿಯುವುದು ಲೋಡಿನ ಪೂರ್ತಿ 100%. ಲೋಡು ಎಷ್ಟಿದೆಯೋ ಅಷ್ಟೂ ಸೋರಿಹೋಗುತ್ತಿದೆ ಅಂತ ರಿಲೇ ನಂಬುತ್ತದೆ.

ಮಳೆಗಾಲದಲ್ಲಿ ಮಲಗಿದ್ದು ಬೇಸಿಗೆಯಲ್ಲಿ ಏಳುತ್ತದೆ

ಹಾಗಿದ್ದರೆ ಚಾಲೂ ಮಾಡಿದ ದಿನವೇ ಗೊತ್ತಾಗಬೇಕಲ್ಲ ಅಂತ ನೀವು ಕೇಳಬಹುದು. ಆಗುವುದಿಲ್ಲ, ಯಾಕೆ ಅಂದ್ರೆ ರಿಲೇ ಸಣ್ಣ ವ್ಯತ್ಯಾಸಕ್ಕೆಲ್ಲ ಟ್ರಿಪ್ ಕೊಡುವುದಿಲ್ಲ. ವೋಲ್ಟೇಜ್ ಸರಿಪಡಿಸಲು ಟ್ಯಾಪ್ ಬದಲಿಸುತ್ತಲೇ ಇರುತ್ತೇವೆ, ಕರೆಂಟು ಅಳೆಯುವ ಸಿಟಿಗಳಲ್ಲೂ ಸ್ವಲ್ಪ ತಪ್ಪಿರುತ್ತದೆ. ಅದನ್ನೆಲ್ಲ ಸಹಿಸಿಕೊಳ್ಳಲಿ ಅಂತ ಪೂರ್ಣ ಲೋಡಿನ 20ರಿಂದ 30%ವರೆಗೆ ಸಡಿಲ ಬಿಟ್ಟಿರುತ್ತಾರೆ.

30% ಸಡಿಲ ಇದೆ ಅಂತಿಟ್ಟುಕೊಳ್ಳಿ. ಕೋನ ಉಲ್ಟಾ ಇದ್ದರೆ ಲೋಡು 30% ಮುಟ್ಟುವವರೆಗೂ ಎಲ್ಲ ಶಾಂತ. ಕೋನವನ್ನೇ ಕೊಡದಿದ್ದರೆ 58% ಹತ್ತಿರ ಬರುವವರೆಗೂ ಶಾಂತ. ಹೊಸ ಕೇಂದ್ರಕ್ಕೆ ಮೊದಲು ಒಂದೆರಡು ಫೀಡರ್ ಮಾತ್ರ ಕೊಟ್ಟಿರುತ್ತಾರೆ. ಮಳೆಗಾಲ, ಪಂಪ್‌ಸೆಟ್ ಓಡುವುದಿಲ್ಲ. ಉದ್ಘಾಟನೆ ಆಗುತ್ತದೆ, ಗುತ್ತಿಗೆದಾರನ ಬಿಲ್ಲೂ ಪಾಸಾಗುತ್ತದೆ. ಫೆಬ್ರುವರಿ ಬಂದು ಬೋರ್‌ವೆಲ್‌ಗಳೆಲ್ಲ ಒಟ್ಟಿಗೆ ಚಾಲೂ ಆದಾಗ ತಪ್ಪು ಎಚ್ಚರವಾಗುತ್ತದೆ.

ಇಂಥದ್ದೊಂದು ಕೇಂದ್ರಕ್ಕೆ ನಾನೇ ಹೋಗಿದ್ದೆ. ಒಂದೇ ಟ್ರಾನ್ಸ್‌ಫಾರ್ಮರ್ ಇದ್ದ ಸಣ್ಣ ಕೇಂದ್ರ. ಆಪರೇಟರ್ ಹೇಳಿದ ಮಾತು ಇನ್ನೂ ನೆನಪಿದೆ: "ಸಾರ್, ಸಂಜೆ ಆರೂವರೆಗೆ ಕರೆಕ್ಟಾಗಿ ಬೀಳತ್ತೆ. ಗಡಿಯಾರಾನೇ ನೋಡೋದು ಬೇಡ." ಒಳದೋಷ ಇರಬಹುದೆಂದು ಎಣ್ಣೆ ಪರೀಕ್ಷೆ, ಮೆಗ್ಗರ್ ಪರೀಕ್ಷೆ ಎಲ್ಲ ಮುಗಿಸಿದ್ದರು, ಎಲ್ಲವೂ ಸರಿ ಬಂದಿತ್ತು. ರಿಲೇಯೇ ಕೆಟ್ಟಿದೆ ಅಂತ ಒಬ್ಬರು, ಚಾಲೂ ಮಾಡುವಾಗಿನ ಇನ್‌ರಷ್ ಕರೆಂಟು ಅಂತ ಇನ್ನೊಬ್ಬರು. ಇನ್‌ರಷ್ ಆದರೆ ಬ್ರೇಕರ್ ಹಾಕಿದ ಕೂಡಲೇ ಬರಬೇಕು, ದಿನವೆಲ್ಲ ಓಡಿ ಸಂಜೆ ಲೋಡು ಏರಿದಾಗ ಅಲ್ಲ.

ರಿಲೇಯ ಡಿಸ್‌ಪ್ಲೇ ಒತ್ತಿ ನೋಡಿದರೆ ಮೂರೂ ಫೇಸ್‌ನಲ್ಲಿ ಡಿಫರೆನ್ಷಿಯಲ್ ಕರೆಂಟು ಲೋಡಿನಷ್ಟೇ ಇತ್ತು. ಅದು 60 ಡಿಗ್ರಿಯ ಗುರುತು. ಆದರೆ ನೇಮ್‌ಪ್ಲೇಟ್‌ನಲ್ಲಿ 11, ರಿಲೇಯಲ್ಲೂ 11! ಕಾಗದದ ಪ್ರಕಾರ ತಪ್ಪೇ ಇಲ್ಲ. ಉತ್ತರ ಸಿಕ್ಕಿದ್ದು ಯಾರ್ಡಿನಲ್ಲಿ. ಲೈನು ಬರುವ ದಿಕ್ಕಿಗೆ ಹೊಂದಿಸಲು ಎರಡೂ ಬದಿಯಲ್ಲಿ ಆರ್ ಮತ್ತು ಬಿ ಫೇಸ್‌ಗಳನ್ನು ಅದಲುಬದಲು ಮಾಡಿ ಬುಷಿಂಗ್‌ಗೆ ಕಟ್ಟಿದ್ದರು. ಎರಡೂ ಬದಿ ಬದಲಿಸಿದ್ದರಿಂದ ಮೋಟಾರು ಉಲ್ಟಾ ತಿರುಗಲಿಲ್ಲ, ಯಾರಿಗೂ ಸಂಶಯ ಬರಲಿಲ್ಲ. ಆದರೆ ಹಾಗೆ ಕಟ್ಟಿದಾಗ 11ರ ಟ್ರಾನ್ಸ್‌ಫಾರ್ಮರ್ ಗ್ರಿಡ್‌ಗೆ 1ರಂತೆ ಕಾಣುತ್ತದೆ. ರಿಲೇಯಲ್ಲಿ 1 ಅಂತ ತಿದ್ದಿದೆವು. ಪಕ್ಕದ ಕೇಂದ್ರದ 11 ಕೆ.ವಿ. ಲೈನಿನ ಜೊತೆ ಇದನ್ನು ಪ್ಯಾರಲಲ್ ಮಾಡಲೇಬಾರದು ಅಂತ ದಪ್ಪಕ್ಷರದಲ್ಲಿ ಬರೆಸಿದೆವು. ಆ ಸಂಜೆ ಆರೂವರೆ ದಾಟಿತು, ಕರೆಂಟು ಹೋಗಲಿಲ್ಲ.

ನಾವು ಹೋಗುವ ಮುಂಚೆ ಆ ಕೇಂದ್ರಕ್ಕೆ ಮೇಲಿನಿಂದ ಬಂದಿದ್ದ ಸಲಹೆ ಬೇರೆ: "ಸೆಟ್ಟಿಂಗ್ ಸ್ವಲ್ಪ ಏರಿಸಿ ನೋಡಿ." ನನಗೆ ನಿಜವಾಗಿ ಹೆದರಿಕೆ ಆಗುವುದು ಈ ಮಾತಿನಿಂದ. ಸಡಿಲವನ್ನು 30ರಿಂದ 50ಕ್ಕೆ, 50ರಿಂದ ಇನ್ನೂ ಮೇಲಕ್ಕೆ ಏರಿಸುತ್ತಾ ಹೋದರೆ ಒಂದು ಹಂತದಲ್ಲಿ ಟ್ರಿಪ್ ನಿಲ್ಲುತ್ತದೆ. ಎಲ್ಲರಿಗೂ ಸಮಾಧಾನ. ಆದರೆ ಕೋನದ ತಪ್ಪು ಅಲ್ಲೇ ಇರುತ್ತದೆ, ಜೊತೆಗೆ ಕಾವಲುಗಾರ ಅರ್ಧ ಕುರುಡ. ಸುರುಳಿಯ ನಾಲ್ಕೈದು ಸುತ್ತುಗಳು ಒಂದಕ್ಕೊಂದು ಅಂಟಿಕೊಂಡು ಶುರುವಾಗುವ ದೋಷದಲ್ಲಿ ಹೊರಗೆ ಕಾಣುವ ಕರೆಂಟಿನ ವ್ಯತ್ಯಾಸ ಬಹಳ ಸಣ್ಣದು. ಅದನ್ನು ಹಿಡಿಯಲೆಂದೇ ಈ ರಿಲೇ ಇಟ್ಟದ್ದು. ಎಣ್ಣೆಯೊಳಗಿನ ಅನಿಲ ಗಮನಿಸುವ ಬುಕೋಲ್ಜ್ ರಿಲೇ ಎರಡನೇ ಕಾವಲಿಗೆ ಇದೆ, ನಿಜ. ಎರಡು ಬೀಗ ಇದೆಯೆಂದು ಒಂದನ್ನು ಮುರಿದಿಟ್ಟುಕೊಳ್ಳುವವರು ಯಾರಾದರೂ ಇದ್ದಾರೆಯೇ? ಕೋಟಿ ರೂಪಾಯಿ ಮೀರುವ ಟ್ರಾನ್ಸ್‌ಫಾರ್ಮರ್ ಸುಟ್ಟರೆ ಹೊಸದು ಬರಲು ತಿಂಗಳುಗಳು ಬೇಕು. ಅಷ್ಟರಲ್ಲಿ ಒಣಗುವುದು ರೈತನ ಬೆಳೆ.

ತೆಂಗಿನ ಗರಿ ಬಿದ್ದರೆ ಊರೇ ಕತ್ತಲೆ

ಕೋನ ಸರಿಮಾಡಿದರೂ ಇನ್ನೊಂದು ಗುಂಡಿ ಇದೆ, ಅದು ಇನ್ನೂ ಆಳ. ಡಿವೈಎನ್11 ಟ್ರಾನ್ಸ್‌ಫಾರ್ಮರ್‌ನ 11 ಕೆ.ವಿ. ಬದಿಯ ನ್ಯೂಟ್ರಲ್ ಭೂಮಿಗೆ ಸೇರಿದೆ. ಹೊರಗಿನ ಲೈನಿನ ಮೇಲೆ ತೆಂಗಿನ ಗರಿ ಬಿದ್ದು ಒಂದು ಫೇಸ್ ಭೂಮಿಗೆ ತಾಗಿತು ಅನ್ನಿ. ಭೂಮಿಯ ಮೂಲಕ ಹರಿದ ಕರೆಂಟು ನ್ಯೂಟ್ರಲ್ ಹತ್ತಿ ಬಂದು, ಮೂರೂ ಫೇಸ್‌ನಲ್ಲಿ ಒಂದೇ ತಾಳದಲ್ಲಿರುವ ಒಂದು ಅಂಶವನ್ನು ಸೇರಿಸುತ್ತದೆ. ಝೀರೋ ಸೀಕ್ವೆನ್ಸ್ ಅಂತ ಕರೆಯುವುದು ಇದನ್ನೇ. ಮೇಲಿನ ಡೆಲ್ಟಾ ಬದಿಯಲ್ಲಿ ಈ ಅಂಶ ಸುರುಳಿಗಳೊಳಗೇ ಸುತ್ತು ಹೊಡೆಯುತ್ತದೆ, ಹೊರಗಿನ ಲೈನಿಗೆ ಬರುವುದೇ ಇಲ್ಲ. ಹಾಗಾಗಿ ಒಂದು ಬದಿಯ ಲೆಕ್ಕದಲ್ಲಿ ಇರುವುದು ಇನ್ನೊಂದು ಬದಿಯ ಲೆಕ್ಕದಲ್ಲಿ ಇಲ್ಲ. ಸ್ಟಾರ್ ಬದಿಯಿಂದ ಇದನ್ನು ಕಳೆಯಲು ರಿಲೇಗೆ ಹೇಳದಿದ್ದರೆ, ಆ ಒಂದು ಫೀಡರ್ ಮಾತ್ರ ಬೀಳುವ ಬದಲು ಇಡೀ ಟ್ರಾನ್ಸ್‌ಫಾರ್ಮರ್ ಬೀಳುತ್ತದೆ. ಒಂದು ಗರಿಗೆ ಅಷ್ಟೂ ಫೀಡರ್‌ಗಳ ಊರುಗಳು ಕತ್ತಲು.

ಇದರ ವಿಶೇಷ ನೋಡಿ. ಕೋನದ ತಿದ್ದುಪಡಿಯನ್ನು ಡೆಲ್ಟಾ ಬದಿಗೆ ಕೊಟ್ಟು ಸ್ಟಾರ್ ಬದಿಯನ್ನು ಹಾಗೇ ಬಿಟ್ಟರೆ, ಸಾಮಾನ್ಯ ಲೋಡಿನಲ್ಲಿ ಎಲ್ಲವೂ ಸರಿಯಾಗಿ ಕಾಣುತ್ತದೆ. ಡಿಸ್‌ಪ್ಲೇಯಲ್ಲಿ ಡಿಫರೆನ್ಷಿಯಲ್ ಶೂನ್ಯದ ಹತ್ತಿರವೇ ಇರುತ್ತದೆ. ಬಯಲಾಗುವುದು ಮೊದಲ ಮಳೆಗಾಳಿಯ ದಿನ.

ತಂತಿಯಿಂದ ಫೈಲಿಗೆ

ಹಳೇ ಕಾಲದವರು ಇವೆರಡನ್ನೂ ತಂತಿಯಲ್ಲೇ ಬಗೆಹರಿಸುತ್ತಿದ್ದರು. ಟ್ರಾನ್ಸ್‌ಫಾರ್ಮರ್ ಸ್ಟಾರ್ ಇದ್ದ ಬದಿ ಸಿಟಿಗಳಿಗೆ ಡೆಲ್ಟಾ ಜೋಡಣೆ, ಡೆಲ್ಟಾ ಇದ್ದ ಬದಿ ಸ್ಟಾರ್ ಜೋಡಣೆ. ಕೋನವೂ ಸರಿಹೋಯಿತು, ಝೀರೋ ಸೀಕ್ವೆನ್ಸ್ ಕೂಡ ತಾನಾಗಿ ಸೋಸಿಹೋಯಿತು. ಡೆಲ್ಟಾ ಜೋಡಣೆಯಲ್ಲಿ ಕರೆಂಟು 1.73 ಪಟ್ಟು ಆಗುವುದರಿಂದ 1 ಆಂಪಿಯರ್ ಬದಲು 0.577 ಆಂಪಿಯರ್‌ನ ಸಿಟಿಗಳನ್ನೇ ಮಾಡಿಸುತ್ತಿದ್ದರು. ಹಳೆಯ ಉಪಕೇಂದ್ರಗಳ ಸಿಟಿ ಪ್ಲೇಟ್ ಮೇಲೆ ಆ ವಿಚಿತ್ರ ಸಂಖ್ಯೆ ಇವತ್ತಿಗೂ ಕಾಣಸಿಗುತ್ತದೆ. ತಪ್ಪಾಗಿದ್ದರೆ ಮಾರ್ಷಲಿಂಗ್ ಬಾಕ್ಸ್ ತೆರೆದು ಟಾರ್ಚ್ ಹಿಡಿದು ಯಾರು ಬೇಕಾದರೂ ಪತ್ತೆಮಾಡಬಹುದಿತ್ತು.

ಈಗಿನ ನ್ಯೂಮರಿಕಲ್ ರಿಲೇಗೆ ಎರಡೂ ಬದಿ ಸ್ಟಾರ್ ಜೋಡಣೆ ಸಾಕು. ಮುಳ್ಳು ತಿರುಗಿಸುವ ಕೆಲಸವನ್ನು ಸಾಫ್ಟ್‌ವೇರ್ ಮಾಡುತ್ತದೆ. ಇದು ಒಳ್ಳೆಯ ಬದಲಾವಣೆಯೇ, ಹಳೆಯದಕ್ಕೆ ಹಿಂದಿರುಗಿ ಅಂತ ನಾನು ಹೇಳುತ್ತಿಲ್ಲ. ಆದರೆ ಹಳೆಯ ಸಿಟಿಗಳನ್ನು ಡೆಲ್ಟಾದಲ್ಲೇ ಉಳಿಸಿ ಹೊಸ ರಿಲೇ ಕೂರಿಸಿ, ಅದರಲ್ಲೂ 11 ಅಂತ ಕೊಟ್ಟರೆ ತಿದ್ದುಪಡಿ ಎರಡು ಸಲ ಆಗುತ್ತದೆ. ಕಂಪನಿಯಿಂದ ಕಂಪನಿಗೆ ಸೆಟ್ಟಿಂಗಿನ ಹೆಸರು ಬೇರೆ, ಲೆಕ್ಕದ ದಿಕ್ಕೂ ಬೇರೆ. ಎಲ್ಲಕ್ಕಿಂತ ಮುಖ್ಯ ಸಂಗತಿ, ಗುಟ್ಟು ಈಗ ಗುತ್ತಿಗೆದಾರನ ಲ್ಯಾಪ್‌ಟಾಪ್‌ನ ಫೈಲಿನಲ್ಲಿದೆ. ಕೇಂದ್ರದಲ್ಲಿ ರಾತ್ರಿಪಾಳಿ ಮಾಡುವ ಆಪರೇಟರ್‌ಗೆ, ಅಲ್ಲಿನ ಜೆಇಗೆ ಅದರ ಪಾಸ್‌ವರ್ಡ್ ಕೂಡ ಗೊತ್ತಿರುವುದಿಲ್ಲ.

ಪರೀಕ್ಷೆ ಮಾಡುತ್ತಾರಲ್ಲ? ಮಾಡುತ್ತಾರೆ. ಕಿಟ್ ತಂದು ರಿಲೇಗೆ ಕೃತಕ ಕರೆಂಟು ಕೊಡುತ್ತಾರೆ. ಆದರೆ ಎಷ್ಟು ಕೊಡಬೇಕು, ಯಾವ ಕೋನದಲ್ಲಿ ಕೊಡಬೇಕು ಅನ್ನುವುದನ್ನು ಅದೇ ಸೆಟ್ಟಿಂಗ್ ಹಾಳೆ ನೋಡಿ ಲೆಕ್ಕ ಹಾಕುತ್ತಾರೆ. ಹಾಳೆಯಲ್ಲೇ 11 ತಪ್ಪಿದ್ದರೆ ಪರೀಕ್ಷೆಯೂ ತಪ್ಪಿಗೆ ಹೊಂದಿಕೊಂಡು ಪಾಸಾಗುತ್ತದೆ. ಪ್ರಶ್ನೆಪತ್ರಿಕೆ ಬರೆದವರೇ ಉತ್ತರಪತ್ರಿಕೆಯನ್ನೂ ಬರೆದ ಹಾಗೆ.

ನಿಜವಾದ ಪರೀಕ್ಷೆ ಬೇರೆ ಇದೆ. ಚಾಲೂ ಮಾಡುವ ಮುಂಚೆ 11 ಕೆ.ವಿ. ಬದಿಯನ್ನು ಶಾರ್ಟ್ ಮಾಡಿ, 66 ಕೆ.ವಿ. ಬದಿಗೆ ಮಾಮೂಲಿ 415 ವೋಲ್ಟ್ ಮೂರು ಫೇಸ್ ಕೊಡುವುದು. ಮೇಲೆ ಹೇಳಿದ 12.5 ಎಂವಿಎ ಟ್ರಾನ್ಸ್‌ಫಾರ್ಮರ್‌ನ ಇಂಪಿಡೆನ್ಸ್ 10% ಇದ್ದರೆ ಮೇಲ್ಬದಿಯಲ್ಲಿ ಸುಮಾರು 7, ಕೆಳಬದಿಯಲ್ಲಿ 41 ಆಂಪಿಯರ್ ಹರಿಯುತ್ತದೆ. ಇದು ನಿಜವಾದ ಸುರುಳಿ, ನಿಜವಾದ ಸಿಟಿ, ನಿಜವಾದ ತಂತಿಯ ಮೂಲಕ ಹರಿದ ಕರೆಂಟು, ಆದ್ದರಿಂದ ಸುಳ್ಳು ಹೇಳುವುದಿಲ್ಲ. ಎರಡೂ ಬದಿಯ ಕೋನ ಓದಿದರೆ ಮುಗಿಯಿತು. ಒಂದೇ ಫೇಸ್ ಮತ್ತು ನ್ಯೂಟ್ರಲ್ ನಡುವೆ ಶಾರ್ಟ್ ಮಾಡಿ ಇದನ್ನೇ ಮತ್ತೊಮ್ಮೆ ಮಾಡಿದರೆ ಝೀರೋ ಸೀಕ್ವೆನ್ಸ್ ತಪ್ಪೂ ಹೊರಬರುತ್ತದೆ. ಸ್ಟೆಬಿಲಿಟಿ ಟೆಸ್ಟ್ ಅನ್ನುವ ಈ ವಿಧಾನ ನಮ್ಮ ಎಂಜಿನಿಯರ್‌ಗಳಿಗೆ ಚೆನ್ನಾಗಿ ಗೊತ್ತು. ಉದ್ಘಾಟನೆಯ ದಿನಾಂಕ ಮೊದಲೇ ನಿಗದಿಯಾಗಿದ್ದಾಗ ಮೊದಲು ಕೈಬಿಡುವುದೂ ಇದನ್ನೇ.

ನಿಯಮದ ಗೆರೆ ಎಲ್ಲಿ ನಿಂತಿದೆ

ದೋಷವೇ ಇಲ್ಲದೆ ರಿಲೇ ಕೆಲಸ ಮಾಡಿದರೆ ಎಷ್ಟು ದೂರ ಹೋಗಬಹುದು ಅನ್ನುವುದನ್ನು ದೇಶ ಒಮ್ಮೆ ನೋಡಿದೆ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ಗ್ರಿಡ್ ಕುಸಿಯಿತು. ಎರಡನೇ ದಿನ ಪೂರ್ವ ಮತ್ತು ಈಶಾನ್ಯವನ್ನೂ ಎಳೆದುಕೊಂಡು ಹೋಯಿತು. ಬಿನಾ-ಗ್ವಾಲಿಯರ್ 400 ಕೆ.ವಿ. ಲೈನಿನಲ್ಲಿ ದೋಷ ಇರಲಿಲ್ಲ, ಭಾರೀ ಲೋಡನ್ನೇ ದೋಷ ಅಂದುಕೊಂಡು ರಿಲೇ ಲೈನನ್ನು ಕಡಿದಿತ್ತು. ಅದು ಬೇರೆ ಜಾತಿಯ ರಿಲೇ, ಆದರೆ ರೋಗ ಇದೇ. ಆಗ ದಕ್ಷಿಣದ ಗ್ರಿಡ್ ಉಳಿದ ಗ್ರಿಡ್‌ಗಳ ಜೊತೆ ಒಂದೇ ತಾಳದಲ್ಲಿ ಸೇರಿರಲಿಲ್ಲವಾದ್ದರಿಂದ ನಾವು ಬಚಾವಾದೆವು. 2013ರ ಡಿಸೆಂಬರ್ 31ರಂದು ನಮ್ಮ ರಾಯಚೂರಿನಿಂದ ಸೊಲ್ಲಾಪುರಕ್ಕೆ ಹೋಗುವ 765 ಕೆ.ವಿ. ಲೈನಿನ ಮೂಲಕ ನಾವೂ ಸೇರಿದೆವು.

ಆ ಕತ್ತಲೆಯ ತನಿಖಾ ಸಮಿತಿ, ರಕ್ಷಣಾ ವ್ಯವಸ್ಥೆಯನ್ನು ಹೊರಗಿನ ಮೂರನೆಯವರಿಂದ ತಪಾಸಣೆ ಮಾಡಿಸಿ ಎಂದಿತು. 2023ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ ಹೊಸ ಭಾರತೀಯ ಗ್ರಿಡ್ ಸಂಹಿತೆ ಇದನ್ನು ನಿಯಮವಾಗಿಸಿದೆ: ಪ್ರತಿ ವರ್ಷ ಆಂತರಿಕ ತಪಾಸಣೆ, ಐದು ವರ್ಷಕ್ಕೊಮ್ಮೆ ಮೂರನೆಯವರ ತಪಾಸಣೆ. ಆದರೆ ಮೂರನೆಯವರ ತಪಾಸಣೆಯ ಗೆರೆ 220 ಕೆ.ವಿ.ಗೆ ನಿಂತಿದೆ. ಈಶಾನ್ಯ ರಾಜ್ಯಗಳಿಗೆ ಮಾತ್ರ ಅದು 132 ಕೆ.ವಿ. ದೆಹಲಿಯಿಂದ ನೋಡಿದರೆ ಈ ಗೆರೆ ಸರಿಯೇ, ದೇಶದ ಗ್ರಿಡ್ ಬೀಳಬಾರದು ಅನ್ನುವುದು ಅವರ ಚಿಂತೆ. ಕರ್ನಾಟಕದ ಹೋಬಳಿಗೆ, ಬಡಾವಣೆಗೆ ಕರೆಂಟು ಕೊಡುವ ಕೇಂದ್ರಗಳು ಬಹುಪಾಲು ಇರುವುದು ಆ ಗೆರೆಯ ಕೆಳಗೆ, 66 ಮತ್ತು 110 ಕೆ.ವಿ. ಮಟ್ಟದಲ್ಲಿ. ಅಲ್ಲಿನ ಚಿಂತೆ ನಾವೇ ಮಾಡಬೇಕು.

ಬೇಡಿಕೆ ಏರುತ್ತಿದ್ದಂತೆ ಕೇಂದ್ರಗಳಲ್ಲಿ ಸಣ್ಣ ಟ್ರಾನ್ಸ್‌ಫಾರ್ಮರ್ ತೆಗೆದು ದೊಡ್ಡದು ಕೂರಿಸುವ ಕೆಲಸ ನಡೆಯುತ್ತಲೇ ಇದೆ. ಕೂರಿಸಿದ ಪ್ರತಿ ಬಾರಿಯೂ ಆ ಅಂಕಿಯನ್ನು ಯಾರೋ ಒಬ್ಬರು ಟೈಪ್ ಮಾಡಲೇಬೇಕು. ಹಾಗಾಗಿ ನನ್ನ ಒತ್ತಾಯ ಇಷ್ಟು. ಸ್ಟೆಬಿಲಿಟಿ ಟೆಸ್ಟ್ ಆಗದೆ, ಅದರ ಓದುಗಳಿಗೆ ಸಹಿ ಬೀಳದೆ ಯಾವ ಟ್ರಾನ್ಸ್‌ಫಾರ್ಮರನ್ನೂ ಚಾಲೂ ಮಾಡಬಾರದು, ಮಂತ್ರಿಗಳು ಬಂದು ಕಾಯುತ್ತಿದ್ದರೂ ಸರಿ. ಲೋಡು ಮೊದಲ ಸಲ 30%, ಆಮೇಲೆ 60% ದಾಟಿದ ದಿನ ಆಪರೇಟರ್ ಡಿಸ್‌ಪ್ಲೇ ನೋಡಿ ಡಿಫರೆನ್ಷಿಯಲ್ ಕರೆಂಟನ್ನು ಲಾಗ್ ಪುಸ್ತಕದಲ್ಲಿ ಬರೆಯಬೇಕು. ಹತ್ತು ನಿಮಿಷದ ಕೆಲಸ, ಖರ್ಚು ಏನೂ ಇಲ್ಲ. ಯಾರ್ಡಿನಲ್ಲಿ ಯಾವ ಫೇಸ್ ಯಾವ ಬುಷಿಂಗ್‌ಗೆ ಹೋಗಿದೆ ಅನ್ನುವ ನಕ್ಷೆ ನೇಮ್‌ಪ್ಲೇಟಿನ ಫೋಟೋ ಜೊತೆ ಕೇಂದ್ರದಲ್ಲೇ ಇರಬೇಕು. ಟ್ರಿಪ್ ಆದ ಮೇಲೆ ಸೆಟ್ಟಿಂಗ್ ಏರಿಸುವುದಾದರೆ ಮೂಲ ಕಾರಣವನ್ನು ಲಿಖಿತವಾಗಿ ಕೊಡಬೇಕು. ಮೂರನೆಯವರ ತಪಾಸಣೆಯನ್ನು ರಾಜ್ಯವೇ 66 ಮತ್ತು 110 ಕೆ.ವಿ.ಗೆ ಇಳಿಸಬೇಕು, ಎಲ್ಲ ಕೇಂದ್ರಗಳಿಗೂ ಆಗದಿದ್ದರೆ ಪ್ರತಿ ವರ್ಷ ಒಂದಷ್ಟನ್ನು ಚೀಟಿ ಎತ್ತಿ ಆರಿಸಿಯಾದರೂ. ಈ ಕೆಲಸ ಗೊತ್ತಿರುವ ಜನ ಇಲಾಖೆಯೊಳಗೇ ಇರಬೇಕು, ಗುತ್ತಿಗೆದಾರನ ಫೋನ್ ನಂಬರ್ ಮಾತ್ರ ಇದ್ದರೆ ಸಾಲದು.

ಗ್ರಾಹಕರಾಗಿ ನಮ್ಮ ಕಡೆಯಿಂದಲೂ ಒಂದು ಕೆಲಸ ಇದೆ. ಮುಂದಿನ ಸಲ ನಿಮ್ಮ ಕೇಂದ್ರ ಇಡೀ ಬಿದ್ದು 'ತಾಂತ್ರಿಕ ದೋಷ' ಅಂದಾಗ, ಗ್ರಾಹಕರ ಸಂವಾದ ಸಭೆಯಲ್ಲೋ ಆರ್‌ಟಿಐ ಅರ್ಜಿಯಲ್ಲೋ ಮೂರು ಪ್ರಶ್ನೆ ಕೇಳಿ. ಯಾವ ರಿಲೇ ಕೆಲಸ ಮಾಡಿತು? ಟ್ರಾನ್ಸ್‌ಫಾರ್ಮರ್‌ನಲ್ಲಿ ದೋಷ ಸಿಕ್ಕಿತಾ? ಸಿಗದಿದ್ದರೆ ರಿಲೇ ಯಾಕೆ ಟ್ರಿಪ್ ಕೊಟ್ಟಿತು? ಮೂರನೆಯದಕ್ಕೆ 'ಸೆಟ್ಟಿಂಗ್ ಏರಿಸಿದ್ದೇವೆ, ಈಗ ಸರಿಹೋಗಿದೆ' ಅನ್ನುವ ಉತ್ತರ ಬಂದರೆ, ಅದನ್ನು ಒಪ್ಪಿಕೊಂಡು ಎದ್ದು ಬರಬೇಡಿ.